ಇರುವ ಫೈಲೇ ಇಲ್ಲ ಅಂದಿತು: 2003ರ ಆಟವೊಂದನ್ನು ಇವತ್ತಿನ ಲಿನಕ್ಸ್‌ಗೆ ಹಾಕಿದ ಅನುಭವ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಹಣತೆ ಇಟ್ಟಿದ್ದ ಡಬ್ಬ ಹುಡುಕಲು ಅಟ್ಟ ಹತ್ತಿದಾಗ ನನ್ನ ಹಾಸ್ಟೆಲ್ ದಿನಗಳ ಸಿಡಿ ಪೌಚ್ ಸಿಕ್ಕಿತು. ಜಿಪ್ ತುಕ್ಕು ಹಿಡಿದು ಬಿಗಿಯಾಗಿತ್ತು. ಎಳೆದು ತೆಗೆದರೆ ಒಳಗೆ ಇಪ್ಪತ್ತು ಇಪ್ಪತ್ತೈದು ಸಿಡಿ. ಒಂದರ ಮೇಲೆ ಹಸಿರು ಮಾರ್ಕರ್‌ನಲ್ಲಿ ‘ಇಟಿ 2.60 + ನನ್ನ ಕಾನ್ಫಿಗ್’ ಅಂತ ಬರೆದಿತ್ತು. ಕಾನ್ಫಿಗ್ ಅಂದರೆ ಆಟದ ಸ್ವಂತ ಸೆಟ್ಟಿಂಗ್‌ಗಳ ಫೈಲ್. ಅದು ನನ್ನ ಕೈಬರಹ ಅಲ್ಲ, ರೂಮ್‌ಮೇಟ್‌ದು. ಡಬ್ಬ ಮರೆತು ಅಲ್ಲೇ ಕೂತುಬಿಟ್ಟೆ.

ಇಟಿ ಅಂದರೆ ವುಲ್ಫೆನ್‌ಸ್ಟೈನ್: ಎನಿಮಿ ಟೆರಿಟರಿ. 2003ರ ಮೇ ತಿಂಗಳಲ್ಲಿ ಬಂದ ಆಟ. ಸ್ಪ್ಲ್ಯಾಶ್ ಡ್ಯಾಮೇಜ್ ಎಂಬ ಇಂಗ್ಲೆಂಡಿನ ತಂಡ ಮಾಡಿದ್ದು. ಮೊದಲು ದುಡ್ಡಿಗೆ ಮಾರಬೇಕು ಅಂತಿದ್ದದ್ದನ್ನು ಕೊನೆಗೆ ಪೂರ್ತಿ ಉಚಿತವಾಗಿ ಕೊಟ್ಟರು. ಎರಡನೇ ಮಹಾಯುದ್ಧದ ಕಥೆ, ಎರಡು ತಂಡ, ಒಬ್ಬೊಬ್ಬರಿಗೆ ಒಂದೊಂದು ಕೆಲಸ: ಗಾಯಾಳುವನ್ನು ಎಬ್ಬಿಸೋ ಮೆಡಿಕ್, ಸೇತುವೆ ಕಟ್ಟೋ ಎಂಜಿನಿಯರ್, ವೇಷ ಹಾಕಿ ಒಳನುಗ್ಗೋ ಕೋವರ್ಟ್ ಆಪ್ಸ್. ಒಬ್ಬನೇ ಎಷ್ಟು ಚೆನ್ನಾಗಿ ಆಡಿದರೂ ತಂಡ ಗೆಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ ಅದು ಲಿನಕ್ಸ್‌ಗೂ, ಅಂದರೆ ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಂಗೂ, ಸಿಗುತ್ತಿತ್ತು. ನಮ್ಮ ಹಾಸ್ಟೆಲ್‌ನ ಎರಡನೇ ಮಹಡಿಯಲ್ಲಿ ನಾಲ್ಕು ಕಂಪ್ಯೂಟರ್, ಕಿಟಕಿಯಿಂದ ಕಿಟಕಿಗೆ ಎಳೆದ ಕೇಬಲ್, ರಾತ್ರಿ ಹನ್ನೊಂದಕ್ಕೆ ಶುರು. ನಾನು ಲಿನಕ್ಸ್ ಕಲಿತದ್ದೇ ಈ ಆಟಕ್ಕಾಗಿ ಅಂದರೆ ತಪ್ಪಿಲ್ಲ.

ಅವತ್ತೇ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಅವನು ಸಾಗರದವನು.

“ನಿನ್ನ ಇಟಿ ಸಿಡಿ ಸಿಕ್ತು ಕಣೋ.”

“ಹೌದೇನೋ! ಓದುತ್ತಾ ಅದು, ಇಷ್ಟು ವರ್ಷ ಆದ್ಮೇಲೆ?”

“ಓದಬಹುದು. ಓಡುತ್ತೋ ಇಲ್ವೋ ಗೊತ್ತಿಲ್ಲ.”

“ಡಿಸೆಂಬರ್‌ನಲ್ಲಿ ನಾಲ್ಕೂ ಜನ ಸೇರ್ತಿದ್ದೀವಲ್ಲ ಮಾರಾಯ. ಅಷ್ಟರೊಳಗೆ ಓಡಿಸಿಡು.”

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸುಮ್ನೆ ಆಟ ಆಡಬೇಕು ಅಷ್ಟೇ ಅನ್ನುವವರಿಗೆ ಈ ಕಷ್ಟ ಬೇಕಿಲ್ಲ. 2010ರ ಆಗಸ್ಟ್‌ನಲ್ಲಿ ಈ ಆಟದ ಸೋರ್ಸ್ ಕೋಡ್ (ಪ್ರೋಗ್ರಾಮರ್‌ಗಳು ಬರೆದ ಮೂಲ ಬರಹ), ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿಯಲ್ಲಿ ಹೊರಬಂತು. ಅದರಿಂದ ಹುಟ್ಟಿದ ಇಟಿ: ಲೆಗಸಿ ಎಂಬ ಯೋಜನೆ ಈಗಿನ 64-ಬಿಟ್ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತದೆ. (ಬಿಟ್ ಲೆಕ್ಕ ಅಂದರೆ ಪ್ರೊಸೆಸರ್ ಒಮ್ಮೆಗೆ ಹಿಡಿಯುವ ಮಾಹಿತಿಯ ಅಳತೆ; ಹಿಂದೆ ಅದು 32 ಇತ್ತು.) ಆದರೆ ನನಗೆ ಬೇಕಿದ್ದದ್ದು ಆ ಸಿಡಿಯಲ್ಲಿದ್ದ ಅದೇ ಫೈಲ್ ಏಳುವುದು. ಆಗ ನಾವು ಓಡಿಸಿದ ಅದೇ ಬೈನರಿ, ಅಂದರೆ ಕಂಪ್ಯೂಟರ್ ನೇರವಾಗಿ ಓಡಿಸುವ ಸಿದ್ಧ ಫೈಲ್.

ಬೆಂಗಳೂರಿಗೆ ವಾಪಸ್ ಬಂದು, ಯುಎಸ್‌ಬಿ ಡ್ರೈವ್‌ನಲ್ಲಿ ಸಿಡಿ ಹಾಕಿದೆ. ಎರಡು ಸಲ ಗರಗರ ಅಂದು ಓದಿತು. ‘ರನ್’ ಎಂಬ ಬಾಲ ಇರುವ ಇನ್‌ಸ್ಟಾಲರ್ ಫೈಲನ್ನು ಕಾಪಿ ಮಾಡಿಕೊಂಡು, ಓಡಿಸುವ ಅನುಮತಿ ಕೊಟ್ಟು, ಟರ್ಮಿನಲ್‌ನಲ್ಲಿ (ಕಮ್ಯಾಂಡ್ ಟೈಪ್ ಮಾಡುವ ಜಾಗ) ಎಂಟರ್ ಒತ್ತಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ 12, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಇಂಟೆಲ್ ಗ್ರಾಫಿಕ್ಸ್. ಚುಕ್ಕಿಗಳು ಸಾಲಾಗಿ ಓಡಿದವು, ಫೈಲ್‌ಗಳು ಬಿಚ್ಚಿಕೊಂಡವು. ಆಮೇಲೆ ‘ಸೆಟಪ್ ಪ್ರೋಗ್ರಾಂ ವಿಫಲವಾದಂತೆ ಕಾಣುತ್ತದೆ’ ಎಂಬ ಅರ್ಥದ ಎರಡು ಸಾಲು ಬಿತ್ತು. ಅಷ್ಟೇ.

ಈ ಥರದ ಇನ್‌ಸ್ಟಾಲರ್ ನೋಡಲು ಒಂದೇ ಫೈಲ್, ಒಳಗೆ ಎರಡು ಭಾಗ. ತಲೆಯಲ್ಲಿ ಒಂದು ಶೆಲ್ ಸ್ಕ್ರಿಪ್ಟ್ (ಕಮ್ಯಾಂಡ್‌ಗಳ ಪಟ್ಟಿ), ಅದರ ಬೆನ್ನಿಗೆ ಅಂಟಿಸಿದ ದೊಡ್ಡ ಗಂಟು. ಸ್ಕ್ರಿಪ್ಟ್ ಆ ಗಂಟನ್ನು ಬಿಚ್ಚಿ ಒಳಗಿನ ಸೆಟಪ್ ಪ್ರೋಗ್ರಾಂ ಓಡಿಸುತ್ತದೆ. ಹಾಗಾಗಿ ಸೆಟಪ್ ಕೈಕೊಟ್ಟರೂ ಗಂಟು ನಮ್ಮ ಕೈಯಲ್ಲೇ ಇರುತ್ತದೆ. ‘ನೋಎಕ್ಸೆಕ್’ ಎಂಬ ಆಯ್ಕೆ ಕೊಟ್ಟರೆ ಬಿಚ್ಚಿ ಇಡುತ್ತದೆ, ಏನನ್ನೂ ಓಡಿಸುವುದಿಲ್ಲ. ‘ಟಾರ್ಗೆಟ್’ ಎಂಬ ಇನ್ನೊಂದು ಆಯ್ಕೆಯಿಂದ ಎಲ್ಲಿ ಬಿಚ್ಚಬೇಕು ಅಂತ ಹೇಳಬಹುದು. ಹಾಗೇ ಮಾಡಿದೆ. ಒಳಗೆ ‘ಇಟಿಮೇನ್’ ಎಂಬ ಫೋಲ್ಡರ್, ಅದರಲ್ಲಿ ನಕ್ಷೆ, ಸದ್ದು, ಚಿತ್ರ ಎಲ್ಲ ತುಂಬಿದ ಪಾಕ್0 ಫೈಲ್. ಬೇರೆ ಒಂದು ಫೋಲ್ಡರ್‌ನಲ್ಲಿ ಆಟದ ಮುಖ್ಯ ಬೈನರಿ, ‘ಇಟಿ ಡಾಟ್ ಎಕ್ಸ್86’. ಅದನ್ನು ತಂದು ಇಟಿಮೇನ್ ಪಕ್ಕದಲ್ಲಿ ಇಟ್ಟು ಓಡಿಸಿದೆ.

‘ನೋ ಸಚ್ ಫೈಲ್ ಆರ್ ಡೈರೆಕ್ಟರಿ.’

ಪಟ್ಟಿ ಮಾಡಿ ನೋಡಿದೆ. ಫೈಲ್ ಅಲ್ಲೇ ಇದೆ. ಹೆಸರು ತಪ್ಪು ಟೈಪ್ ಮಾಡಿದೆನಾ ಅಂತ ಟ್ಯಾಬ್ ಒತ್ತಿದೆ, ಅದೇ ಹೆಸರು ತುಂಬಿಕೊಂಡಿತು. ಮತ್ತೆ ಎಂಟರ್. ಮತ್ತೆ ‘ಅಂಥ ಫೈಲ್ ಇಲ್ಲ’. ಕಣ್ಣೆದುರಿಗೆ ಕೂತಿರುವ ಫೈಲನ್ನು ಇಲ್ಲ ಅನ್ನುತ್ತಿದೆ! ಅರ್ಧ ಗಂಟೆ ಅನುಮತಿ ಬದಲಿಸಿದೆ, ಫೋಲ್ಡರ್ ಬದಲಿಸಿದೆ, ಸಿಡಿಯಿಂದ ಮತ್ತೊಮ್ಮೆ ಕಾಪಿ ಮಾಡಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಲೈಬ್ರರಿ ಅಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್‌ನ ಫೈಲ್. ಲೈಬ್ರರಿ ತೊಂದರೆ ಬಂದಾಗ ಎಲ್ಲರೂ ಮೊದಲು ಹೇಳುವ ಕಮ್ಯಾಂಡ್ ಎಲ್‌ಡಿಡಿ. ಒಂದು ಪ್ರೋಗ್ರಾಂಗೆ ಯಾವ ಯಾವ ಲೈಬ್ರರಿ ಬೇಕು, ಯಾವುದು ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಅಂತ ಅದು ಪಟ್ಟಿ ಕೊಡುತ್ತದೆ. ಓಡಿಸಿದರೆ ‘ಇದು ಡೈನಮಿಕ್ ಎಕ್ಸಿಕ್ಯೂಟಬಲ್ ಅಲ್ಲ’ ಅಂತ ಉತ್ತರ. ಅಂದರೆ ಇದಕ್ಕೆ ಹೊರಗಿನ ಲೈಬ್ರರಿಗಳೇ ಬೇಡ ಅಂದ ಹಾಗಾಯಿತು. ಇದು ನನ್ನನ್ನು ಇನ್ನೂ ದಾರಿ ತಪ್ಪಿಸಿತು. ಕೊನೆಗೆ ಕೈಹಿಡಿದದ್ದು ಬಹಳ ಸಾದಾ ಕಮ್ಯಾಂಡ್. ಅದರ ಹೆಸರೇ ‘ಫೈಲ್’. ಒಂದು ಫೈಲ್ ಯಾವ ಜಾತಿಯದ್ದು ಅಂತ ಹೇಳುತ್ತದೆ. ಅದು ಕೊಟ್ಟ ಸಾಲಿನಲ್ಲಿ ಮೂರು ಸಂಗತಿ ಇತ್ತು: 32-ಬಿಟ್, ಇಂಟೆಲ್ 80386, ಮತ್ತು ‘ಇಂಟರ್‌ಪ್ರೆಟರ್’ ಎಂಬ ಪದದ ಮುಂದೆ ‘ಲಿಬ್’ ಫೋಲ್ಡರ್‌ನಲ್ಲಿರುವ ‘ಎಲ್‌ಡಿ-ಲಿನಕ್ಸ್ ಡಾಟ್ ಎಸ್‌ಓ ಡಾಟ್ 2’ ಎಂಬ ಹೆಸರು.

ಆ ಹೆಸರನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದೆ. ಇರಲಿಲ್ಲ. ಎಲ್ಲ ಅರ್ಥವಾಯಿತು.

ಲಿನಕ್ಸ್‌ನಲ್ಲಿ ನಾವು ಒಂದು ಪ್ರೋಗ್ರಾಂ ಓಡಿಸಿದಾಗ ಕರ್ನಲ್ (ವ್ಯವಸ್ಥೆಯ ತಿರುಳು) ಸಾಮಾನ್ಯವಾಗಿ ಅದನ್ನು ನೇರವಾಗಿ ಶುರು ಮಾಡುವುದಿಲ್ಲ. ಪ್ರೋಗ್ರಾಂನ ಒಳಗೇ ‘ನನ್ನನ್ನು ಎಬ್ಬಿಸಲು ಇಂಥವರನ್ನು ಕರೆಯಿರಿ’ ಅಂತ ಒಂದು ವಿಳಾಸ ಬರೆದಿರುತ್ತದೆ. ಆ ವಿಳಾಸದಲ್ಲಿ ಇರುವವನು ಲೋಡರ್. ಅವನು ಬಂದು ಬೇಕಾದ ಲೈಬ್ರರಿಗಳನ್ನು ಜೋಡಿಸಿ ಕೊಟ್ಟ ಮೇಲೆ ಪ್ರೋಗ್ರಾಂ ಏಳುತ್ತದೆ. ಕರ್ನಲ್ ಆ ವಿಳಾಸಕ್ಕೆ ಹೋಗಿ ನೋಡಿದೆ, ಅಲ್ಲಿ ಯಾರೂ ಇಲ್ಲ. ‘ಫೈಲ್ ಇಲ್ಲ’ ಅಂದದ್ದು ಆಟದ ಫೈಲ್ ಬಗ್ಗೆ ಅಲ್ಲವೇ ಅಲ್ಲ, 32-ಬಿಟ್ ಲೋಡರ್ ಬಗ್ಗೆ. ಎಲ್‌ಡಿಡಿ ಕೂಡ ಅದೇ ಲೋಡರ್‌ನ ಕೈಯಲ್ಲಿ ಕೆಲಸ ಮಾಡಿಸುತ್ತದೆ, ಅವನಿಲ್ಲದೆ ಅದಕ್ಕೂ ದಿಕ್ಕು ತೋಚಿಲ್ಲ. ಮೆಸೇಜ್ ಸುಳ್ಳು ಹೇಳಿರಲಿಲ್ಲ. ಯಾವ ಫೈಲ್ ಅಂತ ಹೆಸರು ಹೇಳಿರಲಿಲ್ಲ ಅಷ್ಟೇ.

32-ಬಿಟ್ ಯಾಕೆ ಅಂತ ಕೇಳಿದರೆ ಉತ್ತರ ಆ ವರ್ಷದಲ್ಲೇ ಇದೆ. ಎಎಂಡಿಯ ಮೊದಲ 64-ಬಿಟ್ ಆಪ್ಟೆರಾನ್ ಬಂದದ್ದು 2003ರ ಏಪ್ರಿಲ್‌ನಲ್ಲಿ, ಅದೂ ಸರ್ವರ್‌ಗಳಿಗೆ. ಮನೆ ಕಂಪ್ಯೂಟರ್‌ಗೆ ಅಥ್ಲಾನ್ 64 ಬಂದದ್ದು ಸೆಪ್ಟೆಂಬರ್‌ನಲ್ಲಿ. ಆಟ ಬಂದದ್ದು ಇವೆರಡರ ನಡುವೆ, ಮೇ ತಿಂಗಳಲ್ಲಿ. ಆಗ ಎಲ್ಲರ ಮೇಜಿನ ಮೇಲೂ 32-ಬಿಟ್ ಯಂತ್ರವೇ.

ಡೆಬಿಯನ್‌ನಲ್ಲಿ 64-ಬಿಟ್ ವ್ಯವಸ್ಥೆಯ ಪಕ್ಕದಲ್ಲೇ 32-ಬಿಟ್ ಪ್ಯಾಕೇಜ್‌ಗಳನ್ನೂ ಇಟ್ಟುಕೊಳ್ಳಬಹುದು. ಇದಕ್ಕೆ ಮಲ್ಟಿಆರ್ಚ್ ಅನ್ನುತ್ತಾರೆ. ಪ್ಯಾಕೇಜ್ ಹಾಕುವ ಸಲಕರಣೆ ಡಿಪಿಕೆಜಿಗೆ ‘ಐ386 ಆರ್ಕಿಟೆಕ್ಚರ್ ಸೇರಿಸು’ ಅಂತ ಒಂದೇ ಸಾಲಿನ ಆಜ್ಞೆ (32-ಬಿಟ್ ಯಂತ್ರಗಳಿಗೆ ಡೆಬಿಯನ್‌ನಲ್ಲಿರುವ ಹೆಸರು ಐ386), ಆಮೇಲೆ ಪ್ಯಾಕೇಜ್ ತರಿಸುವ ಆಪ್ಟ್‌ಗೆ ಅಪ್‌ಡೇಟ್ ಆಜ್ಞೆ. ಅಲ್ಲಿಂದ ಮುಂದೆ ಯಾವ ಪ್ಯಾಕೇಜ್ ಹೆಸರಿನ ಕೊನೆಗೆ ಕೋಲನ್ ಹಾಕಿ ಐ386 ಅಂತ ಬರೆದರೂ ಅದರ 32-ಬಿಟ್ ರೂಪ ಬರುತ್ತದೆ. ಲೋಡರ್ ಇರುವುದು ಲಿಬ್‌ಸಿ6 ಪ್ಯಾಕೇಜ್‌ನಲ್ಲಿ. ಅದರ ಐ386 ರೂಪ ಕೇಳಿದೆ.

ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ಆಪ್ಟ್ ‘ಅವಲಂಬನೆ ಹೊಂದುತ್ತಿಲ್ಲ’ ಅಂತ ನಿಂತಿತು. ನಾನು ಅವಸರದಲ್ಲಿ ಬೇರೆ ಬೇರೆ ರೀತಿ ಕೇಳುತ್ತಾ ಹೋದೆ. ಒಂದು ಸಲ ಅದು ಒಪ್ಪಿತು, ಆದರೆ ಕೆಳಗೆ ತೆಗೆದುಹಾಕುವ ಪ್ಯಾಕೇಜ್‌ಗಳ ಪಟ್ಟಿ ಕೊಟ್ಟಿತ್ತು. ಅದರಲ್ಲಿ ನನ್ನ ಡೆಸ್ಕ್‌ಟಾಪ್‌ನ ಅರ್ಧ ಇತ್ತು. ‘ವೈ’ ಒತ್ತಲು ಬೆರಳು ಹೋಗಿತ್ತು. ಕಣ್ಣಿಗೆ ಬಿದ್ದದ್ದರಿಂದ ಉಳಿದುಕೊಂಡೆ. ಕಾರಣ ಸರಳ. ಒಂದೇ ಲೈಬ್ರರಿಯ 64-ಬಿಟ್ ರೂಪ ಮತ್ತು 32-ಬಿಟ್ ರೂಪ ಎರಡೂ ಅಕ್ಕಪಕ್ಕ ಇರಬೇಕಾದರೆ ಅವುಗಳ ಆವೃತ್ತಿ ಕೂದಲೆಳೆಯಷ್ಟೂ ಬೇರೆ ಇರಬಾರದು. ನಾನು ಎರಡು ಮೂರು ತಿಂಗಳಿಂದ ಅಪ್‌ಗ್ರೇಡ್ ಮಾಡಿರಲಿಲ್ಲ. ಹಳೆಯ 64-ಬಿಟ್ ಪಕ್ಕದಲ್ಲಿ ಹೊಸ 32-ಬಿಟ್ ಕೂರಲು ಒಪ್ಪಲಿಲ್ಲ. ಪೂರ್ತಿ ಅಪ್‌ಗ್ರೇಡ್ ಮಾಡಿ ಮತ್ತೆ ಕೇಳಿದೆ. ಒಂದೂ ಪ್ಯಾಕೇಜ್ ತೆಗೆಯದೆ ಹಾಕಿಕೊಂಡಿತು. ಆಪ್ಟ್ ಏನೇನು ತೆಗೆಯುತ್ತೇನೆ ಅನ್ನುತ್ತದೆ ಅನ್ನುವ ಆ ಸಾಲನ್ನು ಈಗ ನಾನು ಬಾಯಿಬಿಟ್ಟು ಓದುತ್ತೇನೆ.

ಮತ್ತೆ ಎಲ್‌ಡಿಡಿ. ಈಗ ಅದಕ್ಕೆ ಬಾಯಿ ಬಂದಿತ್ತು. ಸಿ ಲೈಬ್ರರಿ, ಗಣಿತದ ಲೈಬ್ರರಿ ಎಲ್ಲದರ ಮುಂದೆ ವಿಳಾಸ. ಎರಡರ ಮುಂದೆ ಮಾತ್ರ ‘ನಾಟ್ ಫೌಂಡ್’: ಲಿಬ್‌ಎಕ್ಸ್11 ಮತ್ತು ಲಿಬ್‌ಎಕ್ಸ್‌ಎಕ್ಸ್ಟ್. ಎರಡೂ ಪರದೆ ಮೇಲೆ ಕಿಟಕಿ (ವಿಂಡೋ) ತೆರೆಯಲು, ಅದರಲ್ಲಿ ಬರೆಯಲು ಬೇಕಾದವು. ಇದು ಎಲ್ಲರಿಗೂ ಪರಿಚಯ ಇರುವ ತೊಂದರೆ. ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಅಂತ ಶುರುವಾಗುವ ಆ ಸಾಲು.

ಶೇರ್ಡ್ ಲೈಬ್ರರಿ ಅಂದರೆ ಏನು ಅಂತ ನನ್ನ ಮಗಳು ಪಕ್ಕದಲ್ಲಿ ಕೂತು ಕೇಳಿದಳು. ನಮ್ಮೂರಲ್ಲಿ ಮದುವೆ ಅಡುಗೆಗೆ ಬೇಕಾದ ಕೊಪ್ಪರಿಗೆ, ಹಂಡೆ ಪ್ರತಿ ಮನೆಯಲ್ಲೂ ಇರುವುದಿಲ್ಲ. ದೇವಸ್ಥಾನದಲ್ಲಿ ಇರುತ್ತದೆ, ಬೇಕಾದವರು ತಂದು ಬಳಸುತ್ತಾರೆ. ಹಾಗೆ, ಕಿಟಕಿ ತೆರೆಯುವ ಕೆಲಸವನ್ನು ಪ್ರತಿ ಪ್ರೋಗ್ರಾಂ ತಾನೇ ಬರೆದುಕೊಳ್ಳುವುದಿಲ್ಲ, ಎಲ್ಲರಿಗೂ ಸೇರಿದ ಒಂದು ಫೈಲ್‌ನಿಂದ ಬಳಸುತ್ತದೆ ಅಂದೆ. “ಹಾಗಾದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿ ಕೊಪ್ಪರಿಗೆ ಇಲ್ವಾ ಅಪ್ಪಾ?” ಅಂದಳು. “ಇದೆ ಪುಟ್ಟಾ, ಆದ್ರೆ ಈ ಆಟದ ಒಲೆಗೆ ಅದು ಕೂರಲ್ಲ” ಅಂದೆ. 64-ಬಿಟ್ ಲಿಬ್‌ಎಕ್ಸ್11 ಇದ್ದೇ ಇತ್ತಲ್ಲ. ಅದಿಲ್ಲದೆ ನನ್ನ ಡೆಸ್ಕ್‌ಟಾಪೇ ಏಳುತ್ತಿರಲಿಲ್ಲ.

ಗೊತ್ತಿದ್ದೂ ಒಂದು ಅಡ್ಡದಾರಿ ನೋಡಿದೆ. ಹಾಸ್ಟೆಲ್ ಕಾಲದ ಹಳೆ ಚಟ ಅದು: ಯಾವ ಹೆಸರು ಕೇಳುತ್ತದೋ ಆ ಹೆಸರಿಗೆ ಇರುವ ಯಾವುದೋ ಫೈಲಿನಿಂದ ಒಂದು ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈತೋರಿಸುವ ಹೆಸರು) ಕಟ್ಟಿಬಿಡುವುದು. 64-ಬಿಟ್ ಫೈಲಿಗೆ ಲಿಂಕ್ ಮಾಡಿ ಆಟದ ಫೋಲ್ಡರ್‌ನಲ್ಲಿಟ್ಟು, ಲೋಡರ್ ಎಲ್ಲಿ ಹುಡುಕಬೇಕು ಅಂತ ಹೇಳುವ ‘ಎಲ್‌ಡಿ ಲೈಬ್ರರಿ ಪಾತ್’ ಅನ್ನು ಅಲ್ಲಿಗೆ ತಿರುಗಿಸಿದೆ. ‘ರಾಂಗ್ ಎಲ್ಫ್ ಕ್ಲಾಸ್: ಎಲ್ಫ್‌ಕ್ಲಾಸ್64’ ಅಂತ ಕೂಡಲೇ ತಿರಸ್ಕರಿಸಿತು. ಒಳ್ಳೆಯದೇ ಆಯಿತು. ಬಿಟ್ ಹೊಂದದಿದ್ದರೆ ಲೋಡರ್ ಬಾಗಿಲಲ್ಲೇ ತಡೆಯುತ್ತಾನೆ. ಆದರೆ ಬಿಟ್ ಒಂದೇ ಇದ್ದು ಆವೃತ್ತಿ ಮಾತ್ರ ಬೇರೆ ಇದ್ದರೆ ಒಳಗೆ ಬಿಡುತ್ತಾನೆ, ಆಮೇಲೆ ಆಟದ ಮಧ್ಯದಲ್ಲಿ ಎಲ್ಲೋ ಕುಸಿಯುತ್ತದೆ, ಕಾರಣ ಹುಡುಕಲು ದಿನಗಟ್ಟಲೆ ಬೇಕು. ಲೈಬ್ರರಿ ಹೆಸರಿನ ಕೊನೆಯಲ್ಲಿ ಬರುವ 5, 6 ಎಂಬ ಅಂಕಿ ಅಲಂಕಾರಕ್ಕೆ ಇರುವುದಲ್ಲ. ಒಳಗಿನ ಒಪ್ಪಂದ ಬದಲಾದಾಗ ಆ ಅಂಕಿ ಬದಲಾಗುತ್ತದೆ. ಹಾಗೇ, ಗೊತ್ತಿಲ್ಲದ ಯಾವುದೋ ತಾಣದಿಂದ ಒಂಟಿ ಲೈಬ್ರರಿ ಫೈಲ್ ಇಳಿಸಿ ವ್ಯವಸ್ಥೆಯ ಫೋಲ್ಡರ್‌ಗೆ ಹಾಕುವ ಕೆಲಸ ದಯವಿಟ್ಟು ಮಾಡಬೇಡಿ. ಅದರೊಳಗೆ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನಿಮ್ಮ ಪ್ಯಾಕೇಜ್ ಮ್ಯಾನೇಜರ್‌ಗೂ ಗೊತ್ತಿಲ್ಲ.

ಸರಿಯಾದ ದಾರಿ ಇದಕ್ಕಿಂತ ಸುಲಭ. ಆಪ್ಟ್-ಫೈಲ್ ಅಂತ ಒಂದು ಸಲಕರಣೆ ಇದೆ. ಫೈಲಿನ ಹೆಸರು ಕೊಟ್ಟರೆ ಅದು ಯಾವ ಪ್ಯಾಕೇಜ್‌ನಲ್ಲಿದೆ ಅಂತ ಹೇಳುತ್ತದೆ, ಹಾಕಿಕೊಂಡಿರದ ಪ್ಯಾಕೇಜ್ ಆದರೂ ಸರಿ. ನನ್ನ ಎರಡು ಫೈಲ್‌ಗಳಿಗೆ ಲಿಬ್‌ಎಕ್ಸ್11-6 ಮತ್ತು ಲಿಬ್‌ಎಕ್ಸ್‌ಎಕ್ಸ್ಟ್6 ಅಂತ ತೋರಿಸಿತು. ಎರಡರ ಐ386 ರೂಪ ಕೇಳಿದೆ. ಅವುಗಳ ಹಿಂದೆ ಲಿಬ್‌ಎಕ್ಸ್‌ಸಿಬಿ ಮತ್ತು ಇನ್ನೂ ನಾಲ್ಕೈದು ತಾವಾಗಿಯೇ ಬಂದವು. ಎಲ್‌ಡಿಡಿ ಪಟ್ಟಿಯಲ್ಲಿ ಈಗ ಒಂದೂ ‘ನಾಟ್ ಫೌಂಡ್’ ಇಲ್ಲ. ಖುಷಿಯಿಂದ ಓಡಿಸಿದೆ.

ಟರ್ಮಿನಲ್ ತುಂಬ ಸಾಲು ಹರಿಯಿತು. ಪಾಕ್0 ಸಿಕ್ಕಿತು, ಕಾನ್ಫಿಗ್ ಓದಿತು, ನನ್ನ ಹೋಮ್ ಫೋಲ್ಡರ್‌ನಲ್ಲಿ ‘ಡಾಟ್ ಇಟಿವುಲ್ಫ್’ ಎಂಬ ಜಾಗ ಮಾಡಿಕೊಂಡಿತು. ಆ ಸಾಲುಗಳನ್ನು ಹಾಸ್ಟೆಲ್‌ನಲ್ಲಿ ನೂರಾರು ಸಲ ನೋಡಿದ್ದೆ. ಆಮೇಲೆ ನಿಂತಿತು: ಗ್ರಾಫಿಕ್ಸ್ ಲೈಬ್ರರಿಯಾದ ಲಿಬ್‌ಜಿಎಲ್ ಲೋಡ್ ಮಾಡಲು ಆಗುತ್ತಿಲ್ಲ.

ಇಲ್ಲಿ ಒಂದು ಸಂಗತಿ ಗಟ್ಟಿಯಾಗಿ ತಿಳಿಯಿತು. ಎಲ್‌ಡಿಡಿ ತೋರಿಸುವುದು ಪ್ರೋಗ್ರಾಂ ಏಳುವಾಗಲೇ ಬೇಕು ಅಂತ ಬರೆದುಕೊಂಡಿರುವ ಲೈಬ್ರರಿಗಳನ್ನು ಮಾತ್ರ. ಕೆಲವನ್ನು ಪ್ರೋಗ್ರಾಂ ಎದ್ದ ಮೇಲೆ, ಬೇಕಾದಾಗ, ತಾನೇ ಹೆಸರು ಹಿಡಿದು ಕರೆಯುತ್ತದೆ. ಡಿಎಲ್‌ಓಪನ್ ಅಂತಾರೆ. ಈ ಆಟ ಕ್ವೇಕ್ 3 ಎಂಬ ಇನ್ನೂ ಹಳೆಯ ಆಟದ ಎಂಜಿನ್ (ಆಟ ನಡೆಸುವ ಮೂಲ ಕೋಡ್) ಮೇಲೆ ಕಟ್ಟಿದ್ದು. ಆ ಎಂಜಿನ್ ಗ್ರಾಫಿಕ್ಸ್ ಲೈಬ್ರರಿಯನ್ನು ಹೀಗೇ ಕರೆಯುತ್ತದೆ. ಎಲ್‌ಡಿಡಿ ಪಟ್ಟಿ ಪೂರ್ತಿ ಸರಿ ಇದ್ದೂ ಆಟ ಏಳದಿದ್ದರೆ ಇದನ್ನು ನೆನಪಿಡಿ.

ಎದ್ದ ಮೇಲೆ ಯಾರನ್ನು ಕರೆಯುತ್ತಿದೆ ಅಂತ ನೋಡಲು ಒಂದು ಒಳ್ಳೆಯ ಉಪಾಯ ಇದೆ. ‘ಎಲ್‌ಡಿ ಡೀಬಗ್’ ಎಂಬ ವೇರಿಯಬಲ್‌ಗೆ (ಪ್ರೋಗ್ರಾಂ ಓಡಿಸುವ ಮುಂಚೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ‘ಲಿಬ್ಸ್’ ಅಂತ ಬೆಲೆ ಕೊಟ್ಟು ಆಟ ಓಡಿಸಬೇಕು. ಆಗ ಲೋಡರ್ ತಾನು ಮಾಡುವುದನ್ನೆಲ್ಲ ಒದರುತ್ತಾ ಹೋಗುತ್ತಾನೆ. ಲಿಬ್‌ಜಿಎಲ್ ಹುಡುಕುತ್ತಿದ್ದೇನೆ, ಕ್ಯಾಶ್ ನೋಡಿದೆ, ಈ ಫೋಲ್ಡರ್ ನೋಡಿದೆ, ಆ ಫೋಲ್ಡರ್ ನೋಡಿದೆ. ಒಂದೊಂದು ಬಾಗಿಲು ತಟ್ಟಿ ಬರಿಗೈಲಿ ಬಂದದ್ದು ಸಾಲು ಸಾಲಾಗಿ ಕಾಣುತ್ತದೆ. ನೋಡುತ್ತಾ ಕೂತರೆ ಅವನ ಮೇಲೆ ಪ್ರೀತಿ ಬರುತ್ತದೆ. ಲಿಬ್‌ಜಿಎಲ್1ರ ಐ386 ರೂಪ ಹಾಕಿದೆ. ಲಿನಕ್ಸ್‌ನ ಮುಕ್ತ ಗ್ರಾಫಿಕ್ಸ್ ಡ್ರೈವರ್ ಆದ ಮೆಸಾದ 32-ಬಿಟ್ ಭಾಗವೂ ಜೊತೆಗೇ ಬಂತು. ಎನ್‌ವಿಡಿಯಾದ ಸ್ವಂತ ಡ್ರೈವರ್ ಇದ್ದವರು ಮಾತ್ರ ಅದರದೇ 32-ಬಿಟ್ ಲೈಬ್ರರಿ, ಅದೂ ಅದೇ ಆವೃತ್ತಿಯದ್ದು, ಹಾಕಿಕೊಳ್ಳಬೇಕು.

ಪರದೆ ಕಪ್ಪಾಯಿತು. ಒಂದು ಕ್ಷಣ ಅಷ್ಟೇ. ‘ಸಿಗ್ನಲ್ 11 ಬಂತು, ಹೊರಡುತ್ತಿದ್ದೇನೆ’ ಅಂತ ಹೇಳಿ ಆಟ ಸತ್ತಿತು. ತನ್ನದಲ್ಲದ ಮೆಮೊರಿ ಮುಟ್ಟಿದ ಪ್ರೋಗ್ರಾಂಗೆ ಬರುವ ಸಿಗ್ನಲ್ ಅದು.

ರಾತ್ರಿ ಒಂದೂವರೆ ಆಗಿತ್ತು. ಮಲಗಿದೆ. ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ಟರ್ಮಿನಲ್‌ನ ಕೊನೆಯ ಸಾಲುಗಳನ್ನು ನಿಧಾನವಾಗಿ ಓದಿದೆ. ಸಾಯುವ ಮುಂಚೆ ಅದು ಗ್ರಾಫಿಕ್ಸ್ ಕಾರ್ಡಿನ ಎಕ್ಸ್‌ಟೆನ್ಶನ್ ಪಟ್ಟಿಯ ಹತ್ತಿರ ಇತ್ತು. ಕಾರ್ಡಿಗೆ ಏನೇನು ಬರುತ್ತದೆ ಅಂತ ಡ್ರೈವರ್ ಕೊಡುವ ಪಟ್ಟಿ ಅದು. ವರ್ಷ ಕಳೆದಂತೆ ಕಾರ್ಡುಗಳು ಹೊಸ ಹೊಸ ವಿದ್ಯೆ ಕಲಿತವು, ಪಟ್ಟಿ ಉದ್ದವಾಗುತ್ತಾ ಹೋಯಿತು. ಕ್ವೇಕ್ 3 ಕಾಲದ ಆಟಗಳು ಆ ಪಟ್ಟಿಯನ್ನು ಅಳತೆ ಗೊತ್ತುಮಾಡಿದ ಜಾಗಕ್ಕೆ ಕಾಪಿ ಮಾಡಿಕೊಳ್ಳುತ್ತಿದ್ದವು. ಆಗಿನ ಪಟ್ಟಿಗೆ ಆ ಜಾಗ ಧಾರಾಳ. ಈಗಿನ ಪಟ್ಟಿ ಸುರಿದರೆ ತುಂಬಿ ಚೆಲ್ಲುತ್ತದೆ. ಮೆಸಾ ಬರೆಯುವವರು ಇದಕ್ಕಂತಲೇ ಒಂದು ವೇರಿಯಬಲ್ ಇಟ್ಟಿದ್ದಾರೆ: ‘ಮೆಸಾ ಎಕ್ಸ್‌ಟೆನ್ಶನ್ ಮ್ಯಾಕ್ಸ್ ಇಯರ್’, ಪದಗಳ ನಡುವೆ ಅಂಡರ್‌ಸ್ಕೋರ್. ಅದಕ್ಕೆ 2003 ಅಂತ ಬೆಲೆ ಕೊಟ್ಟರೆ ಡ್ರೈವರ್ ಆ ವರ್ಷದ ನಂತರ ಹುಟ್ಟಿದ್ದನ್ನೆಲ್ಲ ಪಟ್ಟಿಯಿಂದ ಬಿಟ್ಟು ಹೇಳುತ್ತದೆ. ಎಲ್ಲೋ ಕೂತ ಯಾರೋ ಒಬ್ಬರು, ಇಷ್ಟು ಹಳೆಯ ಆಟಗಳು ಓಡುತ್ತಲೇ ಇರಲಿ ಅಂತ ಈ ಕೆಲಸ ಮಾಡಿಟ್ಟಿದ್ದಾರಲ್ಲ, ಅವರಿಗೆ ಕೈಮುಗಿದೆ.

2003 ಅಂತ ಹಾಕಿ ಎಂಟರ್ ಒತ್ತಿದೆ. ಆಟದ ಮೆನು ಬಂತು. ಕಂದು ಬಣ್ಣದ ಆ ಹಿನ್ನೆಲೆ, ಆ ಅಕ್ಷರ. ಆದರೆ ಸದ್ದಿಲ್ಲ.

ಟರ್ಮಿನಲ್‌ನಲ್ಲಿ ಕಾರಣ ಬರೆದಿತ್ತು. ‘ಡೆವ್’ ಫೋಲ್ಡರ್‌ನಲ್ಲಿ ‘ಡಿಎಸ್‌ಪಿ’ ಎಂಬ ಫೈಲ್ ತೆರೆಯಲು ಆಗಲಿಲ್ಲ. ಹಳೆಯ ಲಿನಕ್ಸ್‌ನಲ್ಲಿ ಸದ್ದಿನ ಬಾಗಿಲು ಅದೇ. ಓಎಸ್‌ಎಸ್ ಎಂಬ ವ್ಯವಸ್ಥೆ. 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್ ಆಲ್ಸಾ ಎಂಬ ಹೊಸ ವ್ಯವಸ್ಥೆಯನ್ನು ಮುಂದಕ್ಕೆ ತಂದು ಓಎಸ್‌ಎಸ್ ಅನ್ನು ಹಿಂದಕ್ಕೆ ಸರಿಸಿತು. ಆಟ ಬಂದು ಆಗ ಏಳು ತಿಂಗಳು ಅಷ್ಟೇ. ಆಟಕ್ಕೆ ತಿಳಿದಿದ್ದ ಬಾಗಿಲು ಅದೊಂದೇ, ಈಗ ಆ ಬಾಗಿಲೇ ಇಲ್ಲ.

ಹಳೆ ಪ್ರೋಗ್ರಾಂಗಳನ್ನು ಹೊಸ ಸದ್ದಿನ ವ್ಯವಸ್ಥೆಗೆ ಜೋಡಿಸುವ ಪ್ಯಾಡ್‌ಎಸ್‌ಪಿ ಎಂಬ ಸಲಕರಣೆ ಇದೆ. ಇದಕ್ಕೆ ಅದು ಆಗಿಬರಲಿಲ್ಲ. ಈ ಆಟ ಸದ್ದನ್ನು ಬರೆಯುವುದು ಮೆಮೊರಿಗೇ ನೇರವಾಗಿ ಬರೆಯುವ ಎಂ-ಮ್ಯಾಪ್ ಎಂಬ ವಿಧಾನದಲ್ಲಿ, ಪ್ಯಾಡ್‌ಎಸ್‌ಪಿಗೆ ಅದು ಬರುವುದಿಲ್ಲ. ಇಟಿ ಆಡುವವರಲ್ಲೇ ಒಬ್ಬರು ಹಿಂದೆಯೇ ಇದಕ್ಕೆ ಮದ್ದು ಮಾಡಿದ್ದರು: ‘ಇಟಿ-ಎಸ್‌ಡಿಎಲ್-ಸೌಂಡ್’ ಎಂಬ ಸಣ್ಣ ಲೈಬ್ರರಿ ಮತ್ತು ಅದನ್ನು ಓಡಿಸುವ ಸ್ಕ್ರಿಪ್ಟ್. ಆಟ ಡಿಎಸ್‌ಪಿ ಬಾಗಿಲು ತಟ್ಟಲು ಹೋದಾಗ ಇದು ನಡುವೆ ನಿಂತು, ಬಂದ ಸದ್ದನ್ನು ಎಸ್‌ಡಿಎಲ್ ಎಂಬ, ಆಟಗಳಿಗೆ ಸದ್ದು, ಚಿತ್ರ ಒದಗಿಸುವ ಲೈಬ್ರರಿಯ ಕೈಗೆ ಕೊಡುತ್ತದೆ. ಎಸ್‌ಡಿಎಲ್ ಶುರು ಮಾಡಿದವರು ಸ್ಯಾಮ್ ಲ್ಯಾಂಟಿಂಗಾ, 1998ರಲ್ಲಿ. ಅವರು ಕೆಲಸ ಮಾಡಿದ್ದ ಲೋಕಿ ಸಾಫ್ಟ್‌ವೇರ್ ಕಂಪನಿ ವಿಂಡೋಸ್ ಆಟಗಳನ್ನು ಲಿನಕ್ಸ್‌ಗೆ ತರುತ್ತಿತ್ತು. ಆ ಕಂಪನಿ 2002ರಲ್ಲಿ ಮುಚ್ಚಿತು. ಎಸ್‌ಡಿಎಲ್ ಮಾತ್ರ ಇವತ್ತಿಗೂ ಲೆಕ್ಕವಿಲ್ಲದಷ್ಟು ಆಟಗಳ ಅಡಿಪಾಯ.

ಸ್ಕ್ರಿಪ್ಟ್ ಓಡಿಸಿದರೆ ಟರ್ಮಿನಲ್‌ನಲ್ಲಿ ಎರರ್‌ಗಳ ಮಳೆ. ‘ಪ್ರಿಲೋಡ್ ಮಾಡಲು ಆಗುವುದಿಲ್ಲ, ರಾಂಗ್ ಎಲ್ಫ್ ಕ್ಲಾಸ್: ಎಲ್ಫ್‌ಕ್ಲಾಸ್32, ಬಿಟ್ಟುಬಿಡಲಾಗಿದೆ.’ ಮೊದಲಾಗಿದ್ದರೆ ಇಲ್ಲೇ ಕೈಚೆಲ್ಲುತ್ತಿದ್ದೆ. ಈ ಸಲ ಕೇಳಿಕೊಂಡೆ: ಇದನ್ನು ಹೇಳುತ್ತಿರುವವರು ಯಾರು? ನಡುವೆ ನಿಲ್ಲುವ ಲೈಬ್ರರಿ 32-ಬಿಟ್. ಆದರೆ ಸ್ಕ್ರಿಪ್ಟ್ ನಡುವೆ ಕರೆಯುವ ಸಣ್ಣಪುಟ್ಟ ಕಮ್ಯಾಂಡ್‌ಗಳು ನನ್ನ ವ್ಯವಸ್ಥೆಯವು, 64-ಬಿಟ್. ಅವು ‘ಇದು ನನ್ನದಲ್ಲ’ ಅಂತ ಹೇಳಿ ಮುಂದೆ ಹೋಗುತ್ತಿವೆ. ದೂರು ಆಟದ್ದಲ್ಲ. ಅವನ್ನೆಲ್ಲ ದಾಟಿ ಕೆಳಗೆ ಬಂದೆ. ಅಲ್ಲಿತ್ತು ನಿಜವಾದ ದೂರು: ಎಸ್‌ಡಿಎಲ್ 1.2 ಸಿಗುತ್ತಿಲ್ಲ. ಅದರ ಐ386 ಪ್ಯಾಕೇಜ್ ಹಾಕಿದೆ.

ಇನ್ನೂ ಸದ್ದಿಲ್ಲ. ಹೊಸ ಸಾಲು. ಆಲ್ಸಾ ಹೇಳುತ್ತಿತ್ತು, ‘ಪಲ್ಸ್’ ಎಂಬ ಹೆಸರಿರುವ ತನ್ನ ಮಾಡ್ಯೂಲ್ ಲೈಬ್ರರಿ ತೆರೆಯಲು ಆಗುತ್ತಿಲ್ಲ ಅಂತ. ಎಷ್ಟು ಕೈ ದಾಟುತ್ತದೆ ನೋಡಿ. ಆಟದಿಂದ ಆ ಸಣ್ಣ ಲೈಬ್ರರಿಗೆ, ಅದರಿಂದ ಎಸ್‌ಡಿಎಲ್‌ಗೆ, ಎಸ್‌ಡಿಎಲ್‌ನಿಂದ ಆಲ್ಸಾಗೆ, ಆಲ್ಸಾದಿಂದ ಪಲ್ಸ್‌ಆಡಿಯೋಗೆ, ಅಲ್ಲಿಂದ ಸ್ಪೀಕರ್‌ಗೆ. ಎಲ್ಲ ಪ್ರೋಗ್ರಾಂಗಳ ಸದ್ದನ್ನು ಸೇರಿಸಿ ಸ್ಪೀಕರ್‌ಗೆ ಕೊಡುವ ಪಲ್ಸ್‌ಆಡಿಯೋ ಆಟದ ಹೊರಗೆ ಬೇರೆಯಾಗಿ ಓಡುವ ಪ್ರೋಗ್ರಾಂ, ಅದು 64-ಬಿಟ್ ಇದ್ದರೂ ನಡೆಯುತ್ತದೆ. ಆದರೆ ಅಲ್ಲಿಯವರೆಗೆ ಆಟದ ಒಳಗೇ ಕೂರುವ ಪ್ರತಿಯೊಂದು ಕೊಂಡಿಯೂ 32-ಬಿಟ್ ಆಗಿರಬೇಕು. ಕೊನೆಯ ಕೊಂಡಿ ಕಳಚಿತ್ತು. ಲಿಬ್‌ಅಸೌಂಡ್2-ಪ್ಲಗಿನ್ಸ್ ಎಂಬ ಪ್ಯಾಕೇಜ್, ಅದರ ಐ386.

ಹೆಡ್‌ಫೋನ್ ಹಾಕಿರಲಿಲ್ಲ. ಮೆನುವಿನ ಸಂಗೀತ ಒಮ್ಮೆಲೇ ಸ್ಪೀಕರ್‌ನಲ್ಲಿ ಹೊಡೆಯಿತು. ಒಳಗಿನಿಂದ ಹೆಂಡತಿ “ಏನ್ರೀ ಅದು?” ಅಂದಳು. ನನಗೆ ಉತ್ತರ ಕೊಡಲು ಗಂಟಲು ಕಟ್ಟಿತ್ತು. ಆ ಸಂಗೀತ ಕೇಳಿ ಹದಿನೈದು ವರ್ಷದ ಮೇಲಾಗಿತ್ತು.

ಆಮೇಲೆ ಉಳಿದದ್ದು ಸಣ್ಣ ಕೆಲಸ. 2.60ಬಿ ಎಂಬ ಸುರಕ್ಷತೆಯ ತಿದ್ದುಪಡಿ ಹಾಕಿದೆ. ವೇರಿಯಬಲ್ ಮತ್ತು ಸದ್ದಿನ ಸ್ಕ್ರಿಪ್ಟ್ ಎರಡನ್ನೂ ಸೇರಿಸಿ ನಾಲ್ಕು ಸಾಲಿನ ಒಂದು ಫೈಲ್ ಮಾಡಿದೆ. ಹಾಕಿದ ಐ386 ಪ್ಯಾಕೇಜ್‌ಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಸಿಡಿ ಪೌಚ್‌ನಲ್ಲೇ ಇಟ್ಟೆ: ಲಿಬ್‌ಸಿ6, ಲಿಬ್‌ಎಕ್ಸ್11-6, ಲಿಬ್‌ಎಕ್ಸ್‌ಎಕ್ಸ್ಟ್6, ಲಿಬ್‌ಜಿಎಲ್1, ಲಿಬ್‌ಎಸ್‌ಡಿಎಲ್1.2ಡೆಬಿಯನ್, ಲಿಬ್‌ಅಸೌಂಡ್2-ಪ್ಲಗಿನ್ಸ್. ಆರೇ ಹೆಸರು. ಅದಕ್ಕೆ ಎರಡು ರಾತ್ರಿ, ಒಂದು ಭಾನುವಾರ.

ಡಿಸೆಂಬರ್‌ನಲ್ಲಿ ನಾಲ್ವರೂ ನಮ್ಮ ಮನೆಯಲ್ಲಿ ಸೇರಿದೆವು. ಉಳಿದ ಮೂವರು ಇಟಿ: ಲೆಗಸಿ ಹಾಕಿಕೊಂಡು ಬಂದಿದ್ದರು, ಅದು ಹಳೆಯ ಆವೃತ್ತಿಯ ಸರ್ವರ್‌ಗೂ ಸೇರುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸಿಡಿಯಿಂದ ಎದ್ದ ಆಟ. ಊಟ ಆದ ಮೇಲೆ ಊಟದ ಮೇಜನ್ನೇ ಒರೆಸಿ ಕೂತೆವು. ರೂಮ್‌ಮೇಟ್ ನನ್ನ ಕುರ್ಚಿಯಲ್ಲಿ ಕೂತ, ನಾನು ಅವನದು ತೆಗೆದುಕೊಂಡೆ. ಸಿಡಿಯಲ್ಲಿದ್ದ ಅವನ ಹಳೆಯ ಕಾನ್ಫಿಗ್ ಫೈಲನ್ನೂ ಹಾಕಿಟ್ಟಿದ್ದೆ. ಆಟದೊಳಗೆ ಅವನ ಹೆಸರು ಹಾಸ್ಟೆಲ್‌ನಲ್ಲಿ ಇದ್ದ ಹಾಗೇ ಬಂತು, ಬಣ್ಣ ಸಮೇತ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ.

ನಕ್ಷೆ ಗೋಲ್ಡ್ ರಶ್. ಟ್ಯಾಂಕ್ ಕದ್ದು, ಊರಿನ ಬೀದಿಗಳಲ್ಲಿ ಓಡಿಸಿ, ಬ್ಯಾಂಕಿನ ಬಾಗಿಲು ಒಡೆದು ಚಿನ್ನ ಹೊತ್ತುಕೊಂಡು ಹೋಗಬೇಕು. ಟ್ಯಾಂಕ್ ಕೆಟ್ಟಾಗಲೆಲ್ಲ ಎಂಜಿನಿಯರ್ ರಿಪೇರಿ ಮಾಡಬೇಕು, ಅದು ಯಾವತ್ತೂ ಅವನ ಕೆಲಸ. ಮೌಸ್ ವೇಗ ಹಳೆಯ ಅಳತೆಯಲ್ಲಿತ್ತು, ಅವನ ನೋಟ ಒಂದು ಸಲ ಆಕಾಶಕ್ಕೆ ಹಾರಿತು. ಸರಿಮಾಡಲು ಹೋದೆ. “ಬೇಡ ಬಿಡೋ, ಹಾಗೇ ಇರಲಿ” ಅಂದ. ಕೈಗೆ ಅಭ್ಯಾಸ ವಾಪಸ್ ಬರಲು ಎರಡು ನಿಮಿಷ ಹಿಡಿಯಿತು. ಟ್ಯಾಂಕ್ ಪಕ್ಕ ಕುಕ್ಕರಗಾಲಲ್ಲಿ ಕೂತು ಇಕ್ಕಳ ಹಿಡಿದ.

“ಮೆಡಿಕ್ ಎಲ್ಲೋ? ಬಾರೋ ಮಾರಾಯ, ನಾನಿಲ್ಲಿ ಸಾಯ್ತಾ ಇದ್ದೀನಿ!”

ಓಡಿದೆ.